ಮ್ಯುವಾನ್ ಲೆಕ್ಕವೂ ಮ್ಯಾನುಯಲ್ ಟೆಸ್ಟಿಂಗೂ

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

ವಿಷಯದ ಹೆಸರು ಕೇಳಿ ನಮ್ಮ ಕಾರ್ಯದರ್ಶಿಯವರು ಫೋನಿನಲ್ಲಿ ಎರಡು ಸಲ "ಏನಂದ್ರಿ?" ಎಂದರು. ಮೂರನೇ ಸಲ ಧೈರ್ಯ ಮಾಡಿ ಪಟ್ಟಿಗೆ ಹಾಕಿಕೊಂಡರು. ಅವರ ಧೈರ್ಯಕ್ಕೆ ಮೊದಲು ವಂದನೆ.

ಅಮೀರ್‌ಪೇಟೆಯ ಮೈತ್ರಿವನಂ ಸುತ್ತ ಓಡಾಡಿದವರಿಗೆ ಅಲ್ಲಿನ ಬೋರ್ಡುಗಳು ಗೊತ್ತು. ಗೋಡೆ, ಕಂಬ, ಮೆಟ್ಟಿಲು, ಎಲ್ಲಿ ನೋಡಿದರೂ ಕೋರ್ಸುಗಳ ಹೆಸರು. ನಾನು ಈ ಊರಿಗೆ ಬಂದ ಕಾಲದಲ್ಲಿ ಅಲ್ಲಿ 'ಮ್ಯಾನುಯಲ್ ಟೆಸ್ಟಿಂಗ್' ದಪ್ಪಕ್ಷರದಲ್ಲಿ ಇರುತ್ತಿತ್ತು. ಮದುವೆಯಾಗಿ ಬಳ್ಳಾರಿ, ರಾಯಚೂರು, ದಾವಣಗೆರೆ ಕಡೆಯಿಂದ ಬಂದ ನಮ್ಮಂಥ ಎಷ್ಟೋ ಜನ ಆ ಮೆಟ್ಟಿಲು ಹತ್ತಿಯೇ ಸಾಫ್ಟ್‌ವೇರ್ ಕಂಪನಿಗಳ ಗೇಟು ದಾಟಿದ್ದು. ಈಗ ಆ ಅಕ್ಷರ ಚಿಕ್ಕದಾಗಿದೆ. ಟೆಸ್ಟಿಂಗ್ ಎಲ್ಲ ಯಂತ್ರವೇ ಮಾಡುತ್ತದಂತೆ, ಮನುಷ್ಯರು ಯಾಕೆ ಎನ್ನುವ ಮಾತು. ನನ್ನ ಕೆಲಸ ಅದೇ ಆದ್ದರಿಂದ ನನಗೂ ಈ ಪ್ರಶ್ನೆ ಕಾಡುತ್ತಿತ್ತು. ಉತ್ತರ ಸಿಕ್ಕಿದ್ದು ನಮ್ಮ ಆಫೀಸಿನಲ್ಲಲ್ಲ, ಅಕ್ಕನ ಮಗಳ ಲ್ಯಾಪ್‌ಟಾಪಿನಲ್ಲಿ. ಅವಳು ಬೆಂಗಳೂರಿನಲ್ಲಿ ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ.

ಮೊದಲು ಮ್ಯುವಾನ್ ಎಂದರೇನು ಹೇಳಿಬಿಡುತ್ತೇನೆ. ಎಲೆಕ್ಟ್ರಾನ್ ಗೊತ್ತಲ್ಲ, ಮ್ಯುವಾನ್ ಅದರ ದಪ್ಪಗಿನ ಅಕ್ಕ. ವಿದ್ಯುದಂಶ ಅಷ್ಟೇ, ತೂಕ ಮಾತ್ರ ಸುಮಾರು 207 ಪಟ್ಟು. ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ನೆಲದಿಂದ ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ ಗಾಳಿಗೆ ಬಡಿದಾಗ ಇವು ಹುಟ್ಟುತ್ತವೆ. ಅಂಗೈ ಚಾಚಿ ಹಿಡಿದರೆ ಸೆಕೆಂಡಿಗೆ ಸುಮಾರು ಒಂದರಂತೆ ನಮ್ಮ ಕೈಯನ್ನು ತೂರಿ ಹೋಗುತ್ತಿರುತ್ತವೆ. ಆಯಸ್ಸು ಸರಾಸರಿ 2.2 ಮೈಕ್ರೋಸೆಕೆಂಡು, ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಎರಡು ಪಾಲಿಗಿಂತ ಸ್ವಲ್ಪ ಹೆಚ್ಚು. ಸಾಯುವಾಗ ಪ್ರತಿಯೊಂದು ಧನ ಮ್ಯುವಾನೂ ಒಂದು ಪಾಸಿಟ್ರಾನನ್ನು ಹೊರಗೆ ಎಸೆಯುತ್ತದೆ.

ವಿಜ್ಞಾನಿಗಳು ಇದನ್ನು ಪ್ರಯೋಗಾಲಯದಲ್ಲೇ ತಯಾರಿಸಿ, ತಾವು ಪರೀಕ್ಷಿಸಬೇಕಾದ ವಸ್ತುವಿನೊಳಗೆ ಬಿಡುತ್ತಾರೆ. ಒಂದೊಂದು ಮ್ಯುವಾನೂ ಒಂದು ಪುಟ್ಟ ದಿಕ್ಸೂಚಿ ಮುಳ್ಳಿನ ಹಾಗೆ. ವಸ್ತುವಿನೊಳಗಿನ ಆಯಸ್ಕಾಂತ ಕ್ಷೇತ್ರಕ್ಕೆ ತಕ್ಕಂತೆ ಅದು ಬುಗುರಿಯಂತೆ ತಿರುಗುತ್ತದೆ. ಸಾಯುವ ಕ್ಷಣದಲ್ಲಿ ಮುಳ್ಳು ಯಾವ ಕಡೆ ತೋರಿಸುತ್ತಿತ್ತೋ ಹೆಚ್ಚಾಗಿ ಆ ಕಡೆಗೇ ಪಾಸಿಟ್ರಾನ್ ಹಾರುತ್ತದೆ. ಮುಂದೆ ಎಷ್ಟು ಬಂತು, ಹಿಂದೆ ಎಷ್ಟು ಬಂತು ಎಂದು ಎಣಿಸಿದರೆ ವಸ್ತುವಿನ ಹೊಟ್ಟೆಯೊಳಗೆ ಏನಾಗುತ್ತಿದೆ ಎಂದು ತಿಳಿಯುತ್ತದೆ. ಸೂಪರ್‌ಕಂಡಕ್ಟರು, ಬ್ಯಾಟರಿಯ ಪದಾರ್ಥ ಇವನ್ನೆಲ್ಲ ಹೀಗೆ ನೋಡುತ್ತಾರೆ. ಇಂಗ್ಲೆಂಡಿನ ರುದರ್‌ಫರ್ಡ್ ಆಪಲ್ಟನ್ ಪ್ರಯೋಗಾಲಯದಲ್ಲಿ ಐಸಿಸ್ ಎಂಬ ಕೇಂದ್ರ ಇದಕ್ಕೆ ಹೆಸರುವಾಸಿ. ಹೆಸರು ಕೇಳಿ ಗಾಬರಿಯಾಗಬೇಡಿ, ಆಕ್ಸ್‌ಫರ್ಡ್ ಬಳಿ ಹರಿಯುವ ಥೇಮ್ಸ್ ನದಿಗೆ ಅಲ್ಲಿನವರು ಕರೆಯುವ ಹೆಸರು ಅದು.

ನನ್ನ ಅಕ್ಕನ ಮಗಳ ತಂಡಕ್ಕೆ ಅಲ್ಲಿ ಸಿಕ್ಕಿದ್ದು ಮೂರು ದಿನ. ಅರ್ಜಿ ಹಾಕಿ, ಕಾದು, ವೀಸಾ ಮಾಡಿಸಿ, ಹೋಗಿ, ಹಗಲು ರಾತ್ರಿ ಪಾಳಿ ಮಾಡಿ ದತ್ತಾಂಶ ತಂದರು. ಇನ್ನೊಮ್ಮೆ ಹೋಗಿ ಅಳೆದು ಬರುತ್ತೇವೆ ಎನ್ನುವ ಮಾತಿಲ್ಲ. ಇನ್ನು ಆ ಮೂರು ದಿನದ ಲೆಕ್ಕವನ್ನು ಬಿಡಿಸುವುದು ಸಾಫ್ಟ್‌ವೇರ್. ಅದರ ಹೆಸರು ಮ್ಯಾಂಟಿಡ್. 2007ರಲ್ಲಿ ಐಸಿಸ್‌ನಲ್ಲೇ ಶುರುವಾದದ್ದು, ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದಾದ, ಒಳಗಿನ ಕೋಡನ್ನೂ ನೋಡಬಹುದಾದ ಸಾಫ್ಟ್‌ವೇರ್. ಅದರಲ್ಲಿ ಮ್ಯುವಾನ್ ಲೆಕ್ಕಕ್ಕೆಂದೇ ಒಂದು ಪರದೆ ಇದೆ.

ದಸರಾ ರಜೆಗೆ ನಮ್ಮ ಮನೆಗೆ ಬಂದಾಗ ಅವಳು ಹೇಳಿದಳು: "ಚಿಕ್ಕಮ್ಮ, ಹೊಸ ವರ್ಷನ್ ಬರುವ ಮೊದಲು ಇದನ್ನು ಜನ ಕೂತು ಕೈಯಲ್ಲೇ ಟೆಸ್ಟ್ ಮಾಡ್ತಾರೆ ಗೊತ್ತಾ? ಅದಕ್ಕೆ ದೊಡ್ಡ ಪಟ್ಟಿನೇ ಇದೆ."

ನಾನು ನಂಬಲಿಲ್ಲ. ಇಷ್ಟು ದೊಡ್ಡ ವಿಜ್ಞಾನದವರು, ಎಲ್ಲ ಯಂತ್ರಕ್ಕೆ ಬಿಟ್ಟಿರುತ್ತಾರೆ ಎಂದುಕೊಂಡೆ. ಬಿಟ್ಟಿದ್ದಾರೆ ಕೂಡ. ಕೋಡ್ ಬದಲಾದಾಗಲೆಲ್ಲ ರಾಶಿ ರಾಶಿ ಸ್ವಯಂಚಾಲಿತ ಪರೀಕ್ಷೆಗಳು ಓಡುತ್ತವೆ. ಆದರೂ ಬಿಡುಗಡೆಗೆ ಮುಂಚೆ ಮನುಷ್ಯರು ಕೂರುತ್ತಾರೆ. ಪಟ್ಟಿ ಎಲ್ಲರಿಗೂ ಕಾಣುವಂತೆ ಇಟ್ಟಿದ್ದಾರೆ. ಈ ಫೈಲು ತೆರೆ, ಈ ಗುಂಡಿ ಒತ್ತು, ಇಂಥ ಗೆರೆ ಕಾಣಬೇಕು. ನಾನು ಎರಡು ಶನಿವಾರ ಆ ಪಟ್ಟಿ ಹಿಡಿದು ಕೂತೆ. ದೂರು ಬರೆಯುವಂಥದ್ದೇನೂ ಸಿಗಲಿಲ್ಲ. ಸಂಬಳದ ಕೆಲಸವಾಗಿದ್ದರೆ ಮ್ಯಾನೇಜರು "ಎರಡು ದಿನ ಏನು ಮಾಡಿದಿರಿ?" ಎಂದು ಕೇಳುತ್ತಿದ್ದರು.

ಏನು ಮಾಡಿದೆ ಎಂದು ನಿಮಗೆ ಹೇಳುತ್ತೇನೆ. ಈ ಭಾಗ ಸ್ವಲ್ಪ ಉದ್ದ, ಆದರೆ ನನಗೆ ಬಹಳ ಇಷ್ಟವಾದದ್ದು ಇದೇ.

ಮೊದಲ ಕೆಲಸ ತಕ್ಕಡಿ ಸಮ ಮಾಡುವುದು. ಐಸಿಸ್‌ನ ಮ್ಯೂಸರ್ ಎಂಬ ಉಪಕರಣದಲ್ಲಿ 64 ಎಣಿಕೆ ಕಣ್ಣುಗಳಿವೆ, ಇಎಂಯು ಎಂಬುದರಲ್ಲಿ 96. ಅವನ್ನು ಮುಂದಿನ ಗುಂಪು, ಹಿಂದಿನ ಗುಂಪು ಎಂದು ಎರಡು ಪಾಲು ಮಾಡುತ್ತಾರೆ. ಎರಡೂ ಒಂದೇ ಚುರುಕಾಗಿರುವುದಿಲ್ಲ. ಖಾಲಿ ತಕ್ಕಡಿಯ ಒಂದು ತಟ್ಟೆ ಕೆಳಗೆ ಜಗ್ಗಿದರೆ ತರಕಾರಿಯವನು ಇನ್ನೊಂದಕ್ಕೆ ಸಣ್ಣ ಕಲ್ಲು ಇಟ್ಟು ಸಮ ಮಾಡುತ್ತಾನಲ್ಲ, ಇಲ್ಲಿ ಆ ಕಲ್ಲಿನ ಹೆಸರು ಆಲ್ಫಾ. ಅದನ್ನು ಕಂಡುಹಿಡಿಯಲು ವಸ್ತುವಿಗೆ ಅಡ್ಡಲಾಗಿ 20 ಗಾಸ್‌ನಷ್ಟು ಚಿಕ್ಕ ಆಯಸ್ಕಾಂತ ಕ್ಷೇತ್ರ ಕೊಡುವುದು ರೂಢಿ. ಫ್ರಿಜ್ ಬಾಗಿಲಿಗೆ ಅಂಟಿಸುವ ಆಯಸ್ಕಾಂತಕ್ಕಿಂತ ಕಡಿಮೆ. ಆಗ ಪರದೆಯ ಮೇಲೆ ಅಲೆ ಅಲೆಯಾದ ಗೆರೆ ಬರುತ್ತದೆ. ಆಲ್ಫಾ ಸರಿಯಿದ್ದರೆ ಅಲೆ ಸೊನ್ನೆಯ ಗೆರೆಯ ಮೇಲಕ್ಕೆ ಎಷ್ಟು ಹೋಗುತ್ತದೋ ಕೆಳಕ್ಕೂ ಅಷ್ಟೇ ಇಳಿಯುತ್ತದೆ. ತಪ್ಪಿದ್ದರೆ ಇಡೀ ಅಲೆ ಮೇಲೆಯೋ ಕೆಳಗೋ ತೇಲುತ್ತದೆ. ಇದನ್ನು ನೋಡಲು ಪಿಎಚ್‌ಡಿ ಬೇಡ, ಗೋಡೆಗೆ ಹಾಕಿದ ಫೋಟೋ ಸೊಟ್ಟಗಿದೆ ಎಂದು ಹೇಳುವ ಕಣ್ಣು ಸಾಕು.

ಇನ್ನು ಅಲೆಯ ವೇಗ. ಇದು ನನ್ನ ಅಚ್ಚುಮೆಚ್ಚಿನ ಜಾಗ. ಒಂದು ಟೆಸ್ಲಾ ಕ್ಷೇತ್ರದಲ್ಲಿ ಮ್ಯುವಾನ್ ಸೆಕೆಂಡಿಗೆ 13 ಕೋಟಿ 55 ಲಕ್ಷ ಸುತ್ತು ತಿರುಗುತ್ತದೆ. ಹತ್ತು ಸಾವಿರ ಗಾಸ್ ಸೇರಿದರೆ ಒಂದು ಟೆಸ್ಲಾ. ಹಾಗಾದರೆ 20 ಗಾಸ್‌ಗೆ ಸೆಕೆಂಡಿಗೆ 2 ಲಕ್ಷ 71 ಸಾವಿರ ಸುತ್ತು, ಒಂದು ಸುತ್ತಿಗೆ ಸುಮಾರು 3.7 ಮೈಕ್ರೋಸೆಕೆಂಡು. ಇದನ್ನು ನಾನು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಪೆನ್ಸಿಲಿನಿಂದ ಮಾಡಿಕೊಂಡೆ. ಈಗ ಪರದೆ ನೋಡಬೇಕು. ಹತ್ತು ಮೈಕ್ರೋಸೆಕೆಂಡಿನಲ್ಲಿ ಮೂರಕ್ಕಿಂತ ಸ್ವಲ್ಪ ಕಡಿಮೆ ಅಲೆ ಕಾಣಬೇಕು. ಕಂಡಿತು. ಕ್ಷೇತ್ರ 100 ಗಾಸ್ ಇರುವ ಫೈಲಾದರೆ ಅಷ್ಟೇ ಜಾಗದಲ್ಲಿ ಹದಿಮೂರೂವರೆ ಅಲೆ. ಪ್ರೋಗ್ರಾಮಿನೊಳಗೆ ಯಾರೋ ಗಾಸ್‌ಗೂ ಟೆಸ್ಲಾಗೂ ಅದಲು ಬದಲು ಮಾಡಿದರು ಎಂದುಕೊಳ್ಳಿ. ಪ್ರೋಗ್ರಾಮ್ ನಿಲ್ಲುವುದಿಲ್ಲ, ಕೆಂಪು ಅಕ್ಷರ ಬರುವುದಿಲ್ಲ, ಒಂದು ಉತ್ತರ ಕೊಟ್ಟೇ ಕೊಡುತ್ತದೆ. ಪೆನ್ಸಿಲ್ ಲೆಕ್ಕ ಇಟ್ಟುಕೊಂಡವಳಿಗೆ ಮಾತ್ರ ಅದು ಸುಳ್ಳೆಂದು ಗೊತ್ತಾಗುತ್ತದೆ.

ಇನ್ನೊಂದು ಉದಾಹರಣೆ. ಮುಂದಿನ ಗುಂಪನ್ನು ಹಿಂದೆ, ಹಿಂದಿನದನ್ನು ಮುಂದೆ ಹಾಕಿದರೆ ಗೆರೆ ತಲೆಕೆಳಗಾಗುತ್ತದೆ. ಗಣಿತದ ಪ್ರಕಾರ ಅದೂ ಅಂದವಾದ ಅಲೆಯೇ. ಅದರ ಮೇಲೆ ಹೊಂದಿಸಿದ ವಕ್ರರೇಖೆ ಕೂಡ ಚೆನ್ನಾಗಿಯೇ ಕೂರುತ್ತದೆ. ಎಲ್ಲ ಕಡೆ ಹಸಿರು ಟಿಕ್. ಯಂತ್ರ ತನಗೆ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತದೆ, ಕೇಳದೆ ಬಿಟ್ಟದ್ದನ್ನು ತಾನಾಗಿ ಹೇಳುವುದಿಲ್ಲ.

ಇದಾದ ಮೇಲೆ ಪಟ್ಟಿಯಲ್ಲಿ ಇಲ್ಲದ್ದು. ಆಲ್ಫಾ ಇರುವ ಜಾಗದಲ್ಲಿ ಅಕ್ಷರ ಬರೆದರೆ? ಸೊನ್ನೆ ಕೊಟ್ಟರೆ? ಅರ್ಧ ಲೆಕ್ಕದಲ್ಲಿ ಕಿಟಕಿ ಮುಚ್ಚಿ ಮತ್ತೆ ತೆರೆದರೆ? ಹಳೆಯ ಫೈಲಿನ ಗೆರೆ ಹೋಗದೆ ಹೊಸದರ ಮೇಲೆ ಉಳಿದುಬಿಟ್ಟರೆ? ನಿದ್ದೆಗೆಟ್ಟ ವಿದ್ಯಾರ್ಥಿನಿ ಬೆಳಗಿನ ಜಾವ ಮೂರು ಗಂಟೆಗೆ ಏನೇನು ಒತ್ತಬಹುದೋ ಅದೆಲ್ಲ. ನಾನು ಹೀಗೆ ಒತ್ತುತ್ತಿದ್ದುದನ್ನು ನೋಡಿ ಅಕ್ಕನ ಮಗಳು ನಕ್ಕಳು. "ಚಿಕ್ಕಮ್ಮ, ನಿನಗೆ ಫಿಸಿಕ್ಸ್ ಬರದೇ ಇರೋದೇ ಒಳ್ಳೇದಾಯ್ತು. ನಾವಾದ್ರೆ ಹೀಗೆ ಒತ್ತೋದೇ ಇಲ್ಲ." ಅವಳು ಹೊಗಳಿದ್ದೋ ಬೈದದ್ದೋ ಇನ್ನೂ ತೀರ್ಮಾನವಾಗಿಲ್ಲ.

ಅನ್ನ ಬೆಂದಿದೆಯೇ ನೋಡಲು ಒಂದು ಅಗುಳು ಹಿಚುಕಿದರೆ ಸಾಕು ಎನ್ನುತ್ತೇವೆ. ಅದು ಅನ್ನಕ್ಕೆ ಸರಿ, ಒಂದೇ ಪಾತ್ರೆ, ಒಂದೇ ಉರಿ. ಸಾಫ್ಟ್‌ವೇರಿನಲ್ಲಿ ಪಕ್ಕದ ಅಗುಳು ಹಸಿಯಾಗಿರಬಹುದು. ಹಾಗೆಂದು ಎಲ್ಲ ಅಗುಳನ್ನೂ ಹಿಚುಕಿದರೆ ಊಟಕ್ಕೆ ಏನೂ ಉಳಿಯುವುದಿಲ್ಲ. ಯಾವ ಅಗುಳು ಎಂದು ಆರಿಸುವುದರಲ್ಲೇ ನಮ್ಮ ಕಸುಬಿನ ಮುಕ್ಕಾಲು ಪಾಲು ಇದೆ.

ಈ ಮ್ಯುವಾನ್ ವಿಷಯ ನಮ್ಮ ಕರ್ನಾಟಕಕ್ಕೆ ಹೊಸತಲ್ಲ ಎನ್ನುವುದನ್ನೂ ಹೇಳಬೇಕು. ನಂಜನಗೂಡಿನ ಕಡೆಯ ಬಿ.ವಿ. ಶ್ರೀಕಂಠನ್ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1948ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದರು. ಕೋಲಾರದ ಚಿನ್ನದ ಗಣಿಯೊಳಗೆ ಇಳಿದು ಮ್ಯುವಾನ್ ಎಣಿಸಲು ಶುರು ಮಾಡಿದ್ದು 1951ರಲ್ಲಿ. ಮುಂದೆ ಅದೇ ಸಂಸ್ಥೆಯ ನಿರ್ದೇಶಕರೂ ಆದರು. ಮೇಲಿನ ಕಲ್ಲು ಮಣ್ಣು ಜರಡಿಯಂತೆ ಕೆಲಸ ಮಾಡುತ್ತದೆ, ಆಳ ಹೆಚ್ಚಿದಷ್ಟೂ ಮ್ಯುವಾನ್ ಕಡಿಮೆ. ಬೇರೆ ಬೇರೆ ಆಳದಲ್ಲಿ ಎಣಿಸುತ್ತಾ ಹೋಗಿ 1960ರ ದಶಕದ ಆರಂಭದಲ್ಲಿ ಸುಮಾರು 2,760 ಮೀಟರ್ ಆಳ ಮುಟ್ಟಿದರು. ಅಲ್ಲಿ ಉಪಕರಣ ಸುಮಾರು ಎರಡು ತಿಂಗಳು ಕಾದು ಕೂತಿತು. ಒಂದೇ ಒಂದು ಮ್ಯುವಾನ್ ಬರಲಿಲ್ಲ.

ಸೊನ್ನೆ. ನಾನು ಇದನ್ನು ಓದಿದಾಗ ಟೆಸ್ಟರ್ ಬುದ್ಧಿ ತಕ್ಷಣ ಎದ್ದಿತು. ಬರಲಿಲ್ಲವೋ, ಬಂದರೂ ಉಪಕರಣ ಮಲಗಿತ್ತೋ? ಎರಡಕ್ಕೂ ಪುಸ್ತಕದಲ್ಲಿ ಬರೆಯುವುದು ಅದೇ ಸೊನ್ನೆ. ಮೇಲಿನ ಹಂತಗಳಲ್ಲಿ ಎಣಿಸಿ, ಆಳಕ್ಕೆ ತಕ್ಕಂತೆ ಸಂಖ್ಯೆ ಇಳಿಯುವುದನ್ನು ಕಂಡಿದ್ದರಿಂದಲೇ ಆ ಸೊನ್ನೆಗೆ ಬೆಲೆ ಬಂತು. ಇಷ್ಟು ನಿಶ್ಶಬ್ದವಾದ ಜಾಗದಲ್ಲಿ ನ್ಯೂಟ್ರಿನೋ ಹುಟ್ಟಿಸುವ ಅಪರೂಪದ ಮ್ಯುವಾನ್ ಹುಡುಕಬಹುದು ಎಂದು ಭಾರತ, ಜಪಾನ್, ಇಂಗ್ಲೆಂಡಿನ ವಿಜ್ಞಾನಿಗಳು ಸೇರಿ ಉಪಕರಣ ಹೂಡಿದರು. 1965ರಲ್ಲಿ ಸಿಕ್ಕಿಯೇ ಬಿಟ್ಟಿತು. ಗಾಳಿಯಲ್ಲಿ ಹುಟ್ಟುವ ನ್ಯೂಟ್ರಿನೋದ ಗುರುತು ಜಗತ್ತಿನಲ್ಲಿ ಮೊದಲು ಕಂಡ ಜಾಗಗಳಲ್ಲಿ ನಮ್ಮ ಕೆಜಿಎಫ್ ಒಂದು. ನಮ್ಮ ಮಕ್ಕಳಿಗೆ ಕೆಜಿಎಫ್ ಎಂದರೆ ಸಿನಿಮಾ ಒಂದೇ ಗೊತ್ತು, ಇದನ್ನೂ ಹೇಳಿ.

ಆ ಕೆಜಿಎಫ್ ಪ್ರಯೋಗಗಳಲ್ಲಿ ಭಾಗಿಯಾಗಿದ್ದ ಒಬ್ಬ ಹೆಣ್ಣುಮಗಳ ಹೆಸರು ವಿಭಾ ಚೌಧುರಿ. ಹುಟ್ಟಿದ್ದು 1913, ಬಂಗಾಳದವರು. ಇಪ್ಪತ್ತೈದರ ಆಸುಪಾಸಿನಲ್ಲಿ ತಮ್ಮ ಗುರು ಡಿ.ಎಂ. ಬೋಸ್ ಜೊತೆ ಡಾರ್ಜಿಲಿಂಗ್ ಕಡೆಯ ಬೆಟ್ಟಗಳಲ್ಲಿ ಫೋಟೋ ಫಲಕಗಳನ್ನು ತಿಂಗಳುಗಟ್ಟಲೆ ಇಟ್ಟು, ಕಾಸ್ಮಿಕ್ ಕಣಗಳು ಅದರಲ್ಲಿ ಬಿಟ್ಟುಹೋದ ಗೀರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅಳೆದವರು. ಎಲೆಕ್ಟ್ರಾನಿನ ಸುಮಾರು 200 ಪಟ್ಟು ತೂಕದ ಕಣದ ಗುರುತು ಅವರಿಗೆ ಸಿಕ್ಕಿತ್ತು. ಯುದ್ಧದ ಕಾಲ, ಒಳ್ಳೆಯ ಫಲಕ ಸಿಗಲಿಲ್ಲ, ಕೆಲಸ ಅಲ್ಲಿಗೇ ನಿಂತಿತು. ಆಮೇಲೆ ಉತ್ತಮ ಫಲಕ ಬಳಸಿ ಇದೇ ವಿಧಾನದಲ್ಲಿ ಮುಂದೆ ಹೋದ ಇಂಗ್ಲೆಂಡಿನ ಸೆಸಿಲ್ ಪವೆಲ್ ಅವರಿಗೆ 1950ರಲ್ಲಿ ನೊಬೆಲ್ ಬಂತು. ಪವೆಲ್ ಪ್ರಯೋಗಾಲಯದಲ್ಲೂ ದಿನವಿಡೀ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂರುತ್ತಿದ್ದವರು ಹೆಣ್ಣುಮಕ್ಕಳೇ. 1947ರಲ್ಲಿ ಪಯಾನ್ ಎಂಬ ಕಣ ಮ್ಯುವಾನಾಗಿ ಒಡೆಯುವ ಗೀರನ್ನು ಫಲಕದಲ್ಲಿ ಮೊದಲು ಗುರುತಿಸಿದ್ದು ಮರಿಯೆಟ್ಟಾ ಕುರ್ಟ್ಸ್ ಎಂಬಾಕೆ. ವಿಭಾ ಅವರ ಹೆಸರನ್ನು 2019ರಲ್ಲಿ ಒಂದು ನಕ್ಷತ್ರಕ್ಕೆ ಇಟ್ಟರು. ಅವರು ತೀರಿಕೊಂಡು ಆಗಲೇ 28 ವರ್ಷವಾಗಿತ್ತು.

ಇವರನ್ನೆಲ್ಲ ಇಂದಿನ ಕಂಪನಿಯ ಎಚ್‌ಆರ್ ಮುಂದೆ ಕೂರಿಸಿದರೆ ಏನು ಕೇಳುತ್ತಾರೆ ಗೊತ್ತೇ? "ಓನ್ಲಿ ಮ್ಯಾನುಯಲ್?"

ನನಗೆ ಕೇಳಿದ್ದು ಹಾಗೇ. ಹನ್ನೊಂದು ವರ್ಷ ಕೆಲಸ ಮಾಡಿ, ಅತ್ತೆಯವರ ಕಾಯಿಲೆಗೆಂದು ಮೂರು ವರ್ಷ ಬಿಟ್ಟು, ಮತ್ತೆ ಅರ್ಜಿ ಹಾಕಿದಾಗ ಒಂದು ಕಂಪನಿಯ ಇಂಟರ್‌ವ್ಯೂನಲ್ಲಿ ಮಗನ ವಯಸ್ಸಿನ ಹುಡುಗ ನನ್ನ ಕಾಗದ ನೋಡಿ ಈ ಎರಡು ಶಬ್ದ ಹೇಳಿ, ಲ್ಯಾಪ್‌ಟಾಪ್ ಅರ್ಧ ಮುಚ್ಚಿದ. ಇಲ್ಲಿ ಕೂತಿರುವವರಲ್ಲಿ ಇದೇ ಅನುಭವ ಆದವರು ಕೈ ಎತ್ತಿ ಎಂದರೆ ಎಷ್ಟು ಕೈ ಏಳುತ್ತವೆ ಎಂದು ನನಗೆ ಗೊತ್ತು, ಅದಕ್ಕೇ ಕೇಳುವುದಿಲ್ಲ. ಸ್ವಯಂಚಾಲಿತ ಪರೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ನಿನ್ನೆ ಸರಿಯಿದ್ದದ್ದು ಇವತ್ತೂ ಸರಿಯಿದೆಯೇ ಎಂದು ಸಾವಿರ ಸಲ ಬೇಸರವಿಲ್ಲದೆ ನೋಡಲು ಯಂತ್ರವೇ ಬೇಕು. ನನಗೂ ಸ್ಕ್ರಿಪ್ಟ್ ಬರೆಯಲು ಬರುತ್ತದೆ. ಆದರೆ ಮ್ಯಾನುಯಲ್ ಎನ್ನುವ ಹೆಸರೇ ತಪ್ಪು ಎನ್ನುವುದು ನನ್ನ ವಾದ. ಅದು ಕೈಕೆಲಸ ಅಲ್ಲ, ಕಣ್ಣಿನ ಕೆಲಸ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ.

ಪರಾಂಬರಿಸುವುದು ಎಷ್ಟು ಕಷ್ಟ ಎನ್ನುವುದಕ್ಕೆ 2011ರ ಸುದ್ದಿ ನೆನಪಿಸಿಕೊಳ್ಳಿ. ಜಿನೀವಾದ ಸರ್ನ್‌ನಿಂದ ಇಟಲಿಯ ಗ್ರಾನ್ ಸಾಸ್ಸೋಗೆ ಸುಮಾರು 730 ಕಿಲೋಮೀಟರ್ ನೆಲದೊಳಗಿಂದ ಕಳಿಸಿದ ಮ್ಯುವಾನ್ ನ್ಯೂಟ್ರಿನೋಗಳು ಬೆಳಕಿಗಿಂತ ಸುಮಾರು 60 ನ್ಯಾನೋಸೆಕೆಂಡು ಮೊದಲೇ ತಲುಪಿದವು ಎಂದು ಒಪೆರಾ ತಂಡ ಹೇಳಿತು. ಐನ್‌ಸ್ಟೈನ್ ಸೋತರು ಎಂದು ಪತ್ರಿಕೆಗಳು ಬರೆದವು. ಆ ತಂಡದವರು ಮಾತ್ರ ಗೆದ್ದೆವು ಎನ್ನಲಿಲ್ಲ, ನಮಗೆ ತಪ್ಪು ಕಾಣುತ್ತಿಲ್ಲ, ನೀವೂ ಹುಡುಕಿ ಎಂದರು. ಹುಡುಕಿ ಹುಡುಕಿ ಕೆಲವು ತಿಂಗಳ ಮೇಲೆ ಸಿಕ್ಕಿದ್ದೇನು? ಗಡಿಯಾರದ ಸಂಕೇತ ತರುವ ಒಂದು ಕೇಬಲ್ ಪೂರ್ತಿ ಕೂತಿರಲಿಲ್ಲ. ಜೊತೆಗೆ ಒಂದು ಗಡಿಯಾರದ ಓಟದಲ್ಲೂ ಚೂರು ವ್ಯತ್ಯಾಸ. ಕಂಪ್ಯೂಟರ್ ಲೆಕ್ಕದಲ್ಲಿ ದೋಷವಿರಲಿಲ್ಲ. ನಮ್ಮ ಮನೆಯ ಸೆಟ್‌ಟಾಪ್ ಬಾಕ್ಸ್ ಕೆಟ್ಟಾಗ ಮೊದಲು ವೈರ್ ಒತ್ತಿ ನೋಡುತ್ತೇವೆ. ಅಲ್ಲಿ ವೈರುಗಳೇ ಎಷ್ಟೋ.

ಕೊನೆಯದಾಗಿ ಒಂದು ಪ್ರಯೋಗದ ವಿಷಯ, ಯಾಕೆಂದರೆ ಇದು ನಾನು ಇಷ್ಟು ಹೊತ್ತು ಹೇಳಿದ್ದಕ್ಕೆ ಉಲ್ಟಾ. ಅಮೆರಿಕದ ಫರ್ಮಿಲ್ಯಾಬ್‌ನಲ್ಲಿ ಮ್ಯುವಾನಿನ ಆಯಸ್ಕಾಂತ ಗುಣವನ್ನು ಅತ್ಯಂತ ಸೂಕ್ಷ್ಮವಾಗಿ ಅಳೆದರು. 2021ರ ಏಪ್ರಿಲ್‌ನಲ್ಲಿ ಮೊದಲ ಫಲಿತಾಂಶ, 2025ರ ಜೂನ್‌ನಲ್ಲಿ ಕೊನೆಯದು. ಕೊನೆಯ ಅಳತೆಯ ಅನಿಶ್ಚಿತತೆ ನೂರು ಕೋಟಿಯಲ್ಲಿ 127 ಪಾಲು. ಅಲ್ಲಿನವರು ಒಂದು ಉಪಾಯ ಮಾಡಿದ್ದರು. ಅಳೆಯುವ ಗಡಿಯಾರದ ವೇಗವನ್ನು ಬೇಕೆಂದೇ ಸ್ವಲ್ಪ ಕದಲಿಸಿ, ಎಷ್ಟು ಕದಲಿಸಿದೆವು ಎಂಬ ಸಂಖ್ಯೆಯನ್ನು ಲಕೋಟೆಯಲ್ಲಿ ಮುಚ್ಚಿಟ್ಟರು. ಆ ಸಂಖ್ಯೆ ಗೊತ್ತಿದ್ದದ್ದು ತಂಡದ ಹೊರಗಿನ ಇಬ್ಬರಿಗೆ ಮಾತ್ರ. ಲೆಕ್ಕ ಮಾಡುವ ಯಾರಿಗೂ ತಮ್ಮ ಉತ್ತರ ನಿಜವಾಗಿ ಎಷ್ಟು ಎಂದು ಗೊತ್ತಿಲ್ಲ. ಎಲ್ಲ ಪರಿಶೀಲನೆ ಮುಗಿದು, ಇನ್ನು ಏನೂ ಬದಲಿಸುವುದಿಲ್ಲ ಎಂದು ಎಲ್ಲರೂ ಒಪ್ಪಿದ ಮೇಲೆ ಲಕೋಟೆ ಒಡೆದರು.

ಯಾಕೆ ಇಷ್ಟು ಮುಚ್ಚುಮರೆ? ಮನಸ್ಸಿಗೆ ಬೇಕಾದ ಉತ್ತರ ಬಂದ ಕೂಡಲೇ ಮನುಷ್ಯ ತಪ್ಪು ಹುಡುಕುವುದನ್ನು ನಿಲ್ಲಿಸಿಬಿಡುತ್ತಾನೆ, ಅದಕ್ಕೆ. ನಾನು 20 ಗಾಸ್ ಫೈಲು ತೆರೆಯುವ ಮುಂಚೆ ಉತ್ತರ ತಿಳಿದುಕೊಂಡು ಕೂತೆ, ಅವರು ತಿಳಿಯದಂತೆ ಕಣ್ಣು ಕಟ್ಟಿಕೊಂಡು ಕೂತರು. ಅಕ್ಕನ ಮಗಳನ್ನು ಇದೇನು ವಿಚಿತ್ರ ಎಂದು ಕೇಳಿದೆ. "ನೀನು ನೋಡ್ತಿರೋದು ತಕ್ಕಡಿನ ಚಿಕ್ಕಮ್ಮ, ಅವರು ತೂಗ್ತಿರೋದು ಚಿನ್ನಾನ" ಎಂದಳು. ತಕ್ಕಡಿ ಪರೀಕ್ಷೆಗೆ ತೂಕ ಗೊತ್ತಿರುವ ಕಲ್ಲೇ ಬೇಕು. ಚಿನ್ನ ತೂಗುವಾಗ ಇಷ್ಟಿರಬೇಕು ಎಂದು ಮೊದಲೇ ಅಂದುಕೊಂಡರೆ ಕೈ ತಟ್ಟೆಗೆ ತಾಗುತ್ತದೆ. ಅವಳ ಪ್ರಬಂಧ ಇನ್ನೂ ಮುಗಿದಿಲ್ಲ. ಒಂದು ತಾಪಮಾನದ ಹತ್ತಿರ ಗೆರೆ ಅವಳು ನಿರೀಕ್ಷಿಸಿದಂತೆ ಬಾಗುತ್ತಿಲ್ಲ. ವಸ್ತುವಿನ ಗುಣವೋ, ಲೆಕ್ಕದ ದಾರಿಯೋ ಎಂದು ನೋಡುತ್ತಿದ್ದಾಳೆ. ಹೋದ ವಾರ ಫೋನ್ ಮಾಡಿ, ಮತ್ತೆ ಮೊದಲಿನಿಂದ 20 ಗಾಸ್ ಫೈಲಿಗೆ ಹೋಗಿದ್ದೇನೆ ಎಂದಳು.

ಆಸಕ್ತಿ ಇರುವವರು ಮುಂದಿನ ಸಭೆಗೆ ಲ್ಯಾಪ್‌ಟಾಪ್ ತನ್ನಿ, ಮ್ಯಾಂಟಿಡ್ ಮನೆಯಲ್ಲೇ ಇಳಿಸಿಕೊಂಡು ಬಂದರೆ ಒಳ್ಳೆಯದು, ಇಲ್ಲಿನ ವೈಫೈ ನಿಮಗೇ ಗೊತ್ತು. ಪಟ್ಟಿಯ ಮೊದಲ ಕೆಲವು ಹೆಜ್ಜೆಗೆ ಭೌತಶಾಸ್ತ್ರ ಬೇಡ, ಪೆನ್ಸಿಲು ಬೇಕು. ಕಾಫಿ ತಯಾರಾಗಿದೆಯಂತೆ, ಪ್ರಶ್ನೆಗಳನ್ನು ಕಾಫಿ ಕುಡಿಯುತ್ತಾ ಕೇಳಿ.